ಆಂಪಿಯರ್ ಒಂದೇ ಸಾಲದು: ಟ್ರಾನ್ಸ್‌ಫಾರ್ಮರಿಗೆ ತಕ್ಕ ಪ್ಯಾನೆಲ್ ಬೋರ್ಡಿನ ಅಳತೆ



ದತ್ತಿ ಉಪನ್ಯಾಸಗಳಲ್ಲಿ ಸಾಹಿತ್ಯ, ಇತಿಹಾಸ, ಶರಣರ ವಿಚಾರಗಳನ್ನು ಕೇಳಿ ರೂಢಿಯಾದ ನಮಗೆ ಪ್ಯಾನೆಲ್ ಬೋರ್ಡಿನ ವಿಷಯ ಹೊಸದು. ದುಡಿಯುವ ಜನರ ಜೀವಕ್ಕೆ ನೇರವಾಗಿ ತಾಗುವ ತಾಂತ್ರಿಕ ವಿಷಯವೊಂದನ್ನು ಕನ್ನಡದಲ್ಲೇ ಹೇಳಬೇಕು ಎಂದು ಈ ದತ್ತಿಯ ದಾನಿಗಳು ಕೇಳಿಕೊಂಡರು. ಅದಕ್ಕಾಗಿ ಅವರಿಗೆ ಮೊದಲ ಕೃತಜ್ಞತೆ ಸಲ್ಲಿಸುತ್ತೇನೆ. ಗಂಗಾವತಿ, ಕಾರಟಗಿ, ಸಿಂಧನೂರಿನ ಈ ಸೀಮೆಯಲ್ಲಿ ಇದಕ್ಕಿಂತ ಹತ್ತಿರದ ವಿಷಯ ನನಗೆ ತೋಚಲಿಲ್ಲ. ತುಂಗಭದ್ರೆಯ ಎಡದಂಡೆ ಕಾಲುವೆ ನೀರು ತಂದಿತು, ನೀರು ಭತ್ತ ತಂದಿತು, ಭತ್ತ ಗಿರಣಿಗಳನ್ನು ತಂದಿತು. ಗಿರಣಿಯ ಆವರಣದಲ್ಲಿ ಒಂದು ಟ್ರಾನ್ಸ್‌ಫಾರ್ಮರ್, ಅದರ ಪಕ್ಕದ ಕೋಣೆಯಲ್ಲಿ ಒಂದು ಪ್ಯಾನೆಲ್ ಬೋರ್ಡ್ ಇರಲೇಬೇಕು. ನಮ್ಮ ಕಡೆ ಟ್ರಾನ್ಸ್‌ಫಾರ್ಮರಿಗೆ ಟಿಸಿ ಎನ್ನುತ್ತೇವೆ. ನಾನೂ ಹಾಗೆಯೇ ಕರೆಯುತ್ತೇನೆ.

ಗಿರಣಿಯವರನ್ನು ನಿಮ್ಮ ಟಿಸಿ ಎಷ್ಟು ಕೆವಿಎ ಎಂದು ಕೇಳಿದರೆ ಥಟ್ಟನೆ ಉತ್ತರ ಬರುತ್ತದೆ. ಪ್ಯಾನೆಲ್ ಎಷ್ಟು ಆಂಪಿಯರಿನದು ಎಂದರೆ ಎಲೆಕ್ಟ್ರಿಷಿಯನ್ ಹೇಳುತ್ತಾರೆ. ಆ ಪ್ಯಾನೆಲ್ ಎಷ್ಟು ಕಿಲೋ ಆಂಪಿಯರಿನ ಶಾರ್ಟ್ ಸರ್ಕ್ಯೂಟನ್ನು ತಾಳುತ್ತದೆ ಎಂದು ಕೇಳಿದರೆ ಉತ್ತರ ಸಿಗುವುದು ಅಪರೂಪ. ನನ್ನ ಇಡೀ ಉಪನ್ಯಾಸ ಈ ಮೂರನೆಯ ಪ್ರಶ್ನೆಯ ಪರವಾಗಿದೆ. ಟಿಸಿ ನಮಗೆ ಕರೆಂಟು ಕೊಡುವ ಯಂತ್ರ, ನಿಜ. ಕೆಟ್ಟ ಗಳಿಗೆಯಲ್ಲಿ ಅದೇ ಯಂತ್ರ ಅದರ ಇಪ್ಪತ್ತು ಪಟ್ಟು ಕರೆಂಟನ್ನು ಪ್ಯಾನೆಲಿನೊಳಗೆ ನುಗ್ಗಿಸುತ್ತದೆ. ದಿನನಿತ್ಯದ ಲೋಡಿಗೆ ಮಾತ್ರ ಅಳೆದು ಮಾಡಿದ ಪ್ಯಾನೆಲ್ ಅರ್ಧ ಅಳತೆಯ ಪ್ಯಾನೆಲ್.

ಟಿಸಿ ಎಷ್ಟು ಕೊಡುತ್ತದೆ

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 92 ಮೈಲಿ ದೂರ ವಿದ್ಯುತ್ ಸಾಗಿಸಲು ಆದದ್ದು ಟ್ರಾನ್ಸ್‌ಫಾರ್ಮರ್ ಇದ್ದುದರಿಂದ. ವೋಲ್ಟೇಜ್ ಏರಿಸಿದರೆ ತಂತಿಯಲ್ಲಿ ಹರಿಯುವ ಕರೆಂಟು ಇಳಿಯುತ್ತದೆ, ನಷ್ಟವೂ ಇಳಿಯುತ್ತದೆ. ಊರು ತಲುಪಿದ ಮೇಲೆ ವೋಲ್ಟೇಜ್ ಇಳಿಸಬೇಕು. ಆಗ ಕರೆಂಟು ಏರುತ್ತದೆ. ಜೆಸ್ಕಾಂನ 11 ಕೆವಿ ಲೈನಿನಿಂದ ನಮ್ಮ ಗಿರಣಿಯ ಟಿಸಿ ಮಾಡುವುದೂ ಇದೇ ಕೆಲಸ: 11,000 ವೋಲ್ಟನ್ನು 433 ವೋಲ್ಟಿಗೆ ಇಳಿಸುವುದು. 433 ಎನ್ನುವುದು ಲೋಡ್ ಇಲ್ಲದಾಗಿನ ಅಂಕಿ. ಲೋಡ್ ಹತ್ತಿದಾಗ ಒಳಗಿನ ಇಳಿತವನ್ನು ಕಳೆದು ಮೋಟಾರಿಗೆ 415ರ ಆಸುಪಾಸು ಸಿಗಲಿ ಎಂದು ಹಾಗೆ ಇಟ್ಟಿದ್ದಾರೆ.

ಈ ವೋಲ್ಟೇಜಿನ ಟಿಸಿಗೆ ಒಂದು ಸುಲಭ ಲೆಕ್ಕವಿದೆ. ಕೆವಿಎಯನ್ನು 4ರಿಂದ ಗುಣಿಸಿ 3ರಿಂದ ಭಾಗಿಸಿದರೆ ಎಲ್‌ಟಿ, ಅಂದರೆ 433 ವೋಲ್ಟಿನ ಬದಿಯ ಪೂರ್ಣ ಕರೆಂಟು ಸಿಗುತ್ತದೆ. 250 ಕೆವಿಎಗೆ 333 ಆಂಪಿಯರ್, 500 ಕೆವಿಎಗೆ 667, 1000 ಕೆವಿಎಗೆ 1,333. ಅದೇ 500 ಕೆವಿಎ ಟಿಸಿಯ ಎಚ್‌ಟಿ, ಅಂದರೆ 11,000 ವೋಲ್ಟಿನ ಬದಿಯಲ್ಲಿ ಹರಿಯುವುದು 26 ಆಂಪಿಯರ್ ಮಾತ್ರ. ಟಿಸಿಯ ಮೇಲೆ ಹತ್ತುವ ಎಚ್‌ಟಿ ತಂತಿ ತೆಳ್ಳಗೆ, ಕೆಳಗಿಳಿಯುವ ಎಲ್‌ಟಿ ಕೇಬಲ್ ತೋಳಿನಷ್ಟು ದಪ್ಪಗೆ ಕಾಣುವುದು ಇದರಿಂದಲೇ.

ಒಂದು ಗಿರಣಿಯ ಲೆಕ್ಕ ಹಾಕೋಣ. ಕ್ಲೀನರ್, ಶೆಲ್ಲರ್, ಪಾಲಿಶರ್, ಎಲಿವೇಟರ್, ಬ್ಲೋವರ್, ಡ್ರೈಯರ್, ಸಾರ್ಟೆಕ್ಸ್ ಎಲ್ಲ ಸೇರಿ ಜೋಡಿಸಿದ ಲೋಡ್ 450 ಕಿಲೋವಾಟ್ ಎಂದಿಟ್ಟುಕೊಳ್ಳಿ. ಎಲ್ಲ ಮೋಟಾರುಗಳೂ ಪೂರ್ತಿ ಭಾರದಲ್ಲಿ ಓಡುವುದಿಲ್ಲ. ನೂರಕ್ಕೆ 80ರಷ್ಟು ಹಿಡಿದರೆ 360 ಕಿಲೋವಾಟ್. ಪವರ್ ಫ್ಯಾಕ್ಟರ್ 0.85 ಇದ್ದರೆ ಟಿಸಿಯ ಮೇಲೆ ಬೀಳುವುದು 423 ಕೆವಿಎ. ಸುಮಾರು 135 ಕೆವಿಎಆರ್ ಕೆಪಾಸಿಟರ್ ಹಾಕಿ ಪವರ್ ಫ್ಯಾಕ್ಟರನ್ನು 0.97ಕ್ಕೆ ಏರಿಸಿದರೆ ಅದೇ ಕೆಲಸ 371 ಕೆವಿಎಯಲ್ಲಿ ಮುಗಿಯುತ್ತದೆ. ಎರಡೂ ಲೆಕ್ಕಕ್ಕೆ 500 ಕೆವಿಎ ಟಿಸಿ ಸರಿಹೊಂದುತ್ತದೆ. ಎರಡನೆಯದರಲ್ಲಿ ಮುಂದೆ ಒಂದು ಪಾಲಿಶರ್ ಸೇರಿಸಲು ಜಾಗವೂ ಉಳಿಯುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕು. ಪ್ಯಾನೆಲಿನ ಮಾನದಂಡವಾದ ಐಎಸ್/ಐಇಸಿ 61439ರಲ್ಲಿ, ಫೀಡರುಗಳು, ಅಂದರೆ ಪ್ಯಾನೆಲಿನಿಂದ ಹೊರಡುವ ಲೈನುಗಳು ಹೆಚ್ಚಿದಂತೆ ಅವೆಲ್ಲ ಒಟ್ಟಿಗೆ ಪೂರ್ತಿ ಲೋಡಿನಲ್ಲಿ ಇರುವುದಿಲ್ಲ ಎಂದು ಭಾವಿಸಿ ಲೋಡನ್ನು ಕಡಿತಗೊಳಿಸುವ ಅವಕಾಶವಿದೆ. ಬೇರೆ ಮಾಹಿತಿ ಇಲ್ಲದಿದ್ದಾಗ ಎರಡು ಮೂರು ಫೀಡರಿಗೆ 0.9, ಹತ್ತು ಅಥವಾ ಹೆಚ್ಚಾದರೆ 0.6. ಅಪಾರ್ಟ್‌ಮೆಂಟಿಗೆ ಇದು ಸರಿ. ಒಂದು ಮನೆಯಲ್ಲಿ ಗೀಸರ್ ಹಾಕಿದಾಗ ಇನ್ನೊಂದು ಮನೆಯಲ್ಲಿ ಹಾಕಿರುವುದಿಲ್ಲ. ಅಕ್ಕಿ ಗಿರಣಿ ಹಾಗಲ್ಲ. ಭತ್ತ ಒಂದು ಕಡೆಯಿಂದ ಹೊಕ್ಕು ಅಕ್ಕಿಯಾಗಿ ಹೊರಬರುವ ತನಕ ಎಲ್ಲ ಯಂತ್ರಗಳೂ ಸರಪಳಿಯಂತೆ ಒಟ್ಟಿಗೆ ಓಡಬೇಕು. ಸುಗ್ಗಿಯಲ್ಲಿ ಹಗಲೂ ರಾತ್ರಿ ಓಡುತ್ತವೆ. ಆದ್ದರಿಂದ ಗಿರಣಿಯ ಪ್ಯಾನೆಲಿಗೆ 0.6ರ ರಿಯಾಯಿತಿ ತೆಗೆದುಕೊಂಡರೆ ಅದು ಬಿಸಿಯಾಗಿಯೇ ಆಗುತ್ತದೆ. ಯಾವ ಕೆಲಸಕ್ಕೆ ಎಂದು ಕೇಳದೆ ಸೂತ್ರದಿಂದ ಅಳತೆ ತೆಗೆಯಬಾರದು.

ಮೇನ್ ಬ್ರೇಕರ್ ಮತ್ತು ಬಸ್‌ಬಾರ್

667 ಆಂಪಿಯರಿನ ಟಿಸಿಗೆ ಮೇನ್ ಬ್ರೇಕರ್ ಯಾವುದು? ಮಾರುಕಟ್ಟೆಯಲ್ಲಿ 630, 800, 1000, 1250 ಸಿಗುತ್ತವೆ. 630 ಹಾಕಿದರೆ ಟಿಸಿಯ ಪೂರ್ಣ ಶಕ್ತಿ ಸಿಗುವುದಿಲ್ಲ. ಬೇಸಿಗೆಯಲ್ಲಿ ತುಂಬಿದ ಲೋಡಿಗೆ ಟ್ರಿಪ್ ಆಗುತ್ತದೆ. ಟ್ರಿಪ್ ಆದಾಗಲೆಲ್ಲ ಸೆಟ್ಟಿಂಗ್ ಏರಿಸುವ ಆಸೆ ಹುಟ್ಟುತ್ತದೆ. 1250 ಹಾಕಿ ಸೆಟ್ಟಿಂಗ್ ಇಳಿಸದೆ ಬಿಟ್ಟರೆ ಟಿಸಿ ಓವರ್‌ಲೋಡಿನಿಂದ ಒಳಗೊಳಗೇ ಬೇಯುತ್ತಿದ್ದರೂ ಬ್ರೇಕರಿಗೆ ಅದು ಗೊತ್ತಾಗುವುದಿಲ್ಲ. 800 ಆಂಪಿಯರಿನ ಏರ್ ಸರ್ಕ್ಯೂಟ್ ಬ್ರೇಕರ್ ಹಾಕಿ, ಓವರ್‌ಲೋಡ್ ಸೆಟ್ಟಿಂಗನ್ನು ಟಿಸಿಯ ಪೂರ್ಣ ಕರೆಂಟಿನ ಹತ್ತಿರಕ್ಕೆ ಇಳಿಸುವುದು ಸರಿಯಾದ ದಾರಿ. ಬ್ರೇಕರಿನ ಮೈಗೆ ಬಿಡುವು ಇರುತ್ತದೆ, ಟಿಸಿಗೆ ಕಾವಲೂ ಇರುತ್ತದೆ.

ಪ್ಯಾನೆಲಿನೊಳಗೆ ಕರೆಂಟು ಹಂಚುವ ಪಟ್ಟಿಯಾದ ಬಸ್‌ಬಾರಿಗೆ ನಮ್ಮ ಪ್ಯಾನೆಲ್ ತಯಾರಕರು ಬಳಸುವ ರೂಢಿಯ ಲೆಕ್ಕವೆಂದರೆ ಅಲ್ಯೂಮಿನಿಯಂ ಪಟ್ಟಿಯ ಒಂದು ಚದರ ಮಿಲಿಮೀಟರಿಗೆ 0.8 ಆಂಪಿಯರ್. 800 ಆಂಪಿಯರಿಗೆ 1,000 ಚದರ ಮಿಲಿಮೀಟರ್ ಬೇಕು. ಅಂದರೆ ಪ್ರತಿ ಫೇಸಿಗೆ 100 ಮಿ.ಮೀ. ಅಗಲ, 10 ಮಿ.ಮೀ. ದಪ್ಪದ ಒಂದು ಪಟ್ಟಿ. ಇದು ಅಂದಾಜು ಹಾಕಲು ಒಳ್ಳೆಯ ಲೆಕ್ಕ. ಪ್ರಮಾಣವಲ್ಲ. ಅದೇ ಪಟ್ಟಿ ಇಕ್ಕಟ್ಟಾದ ಪೆಟ್ಟಿಗೆಯಲ್ಲಿ, ಗಾಳಿಯಾಡದ ಕಡೆ, ಬಿಸಿಯಾದ ಬ್ರೇಕರಿನ ಹಿಂದೆ ಇದ್ದರೆ ಅಷ್ಟು ಕರೆಂಟನ್ನು ಹೊರುವುದಿಲ್ಲ. 61439 ಮಾನದಂಡ ಕೇಳುವುದು ಜೋಡಿಸಿದ ಇಡೀ ಪ್ಯಾನೆಲಿನ ತಾಪಮಾನ ಎಷ್ಟು ಏರುತ್ತದೆ ಎಂಬ ಪರಿಶೀಲನೆಯನ್ನು. ಬಿಡಿಭಾಗಗಳೆಲ್ಲ ಒಳ್ಳೆಯ ಕಂಪನಿಯವಾದರೂ ಕೂಡಿಸಿದ ಪೆಟ್ಟಿಗೆ ಒಳ್ಳೆಯದಾಗಬೇಕೆಂದಿಲ್ಲ.

ನ್ಯೂಟ್ರಲ್ ಪಟ್ಟಿಯ ಬಗ್ಗೆ ಒಂದು ಮಾತು. ಹಿಂದೆ ಫೇಸಿನ ಅರ್ಧದಷ್ಟು ನ್ಯೂಟ್ರಲ್ ಸಾಕು ಎನ್ನುತ್ತಿದ್ದರು. ಮೂರು ಫೇಸಿನ ಮೋಟಾರುಗಳೇ ತುಂಬಿದ ಗಿರಣಿಗೆ ಅದು ನಡೆಯುತ್ತಿತ್ತು. ಎಲ್‌ಇಡಿ, ಕಂಪ್ಯೂಟರ್, ಯುಪಿಎಸ್‌ಗಳು ತುಂಬಿದ ಆಸ್ಪತ್ರೆ, ಕಚೇರಿ, ಅಪಾರ್ಟ್‌ಮೆಂಟುಗಳಲ್ಲಿ ಮೂರೂ ಫೇಸಿನ ಮೂರನೆಯ ಹಾರ್ಮೋನಿಕ್ ಕರೆಂಟುಗಳು ನ್ಯೂಟ್ರಲಿನಲ್ಲಿ ಒಂದನ್ನೊಂದು ಕಳೆಯುವುದಿಲ್ಲ, ಕೂಡಿಕೊಳ್ಳುತ್ತವೆ. ಅಂಥ ಕಡೆ ಪೂರ್ತಿ ಅಳತೆಯ ನ್ಯೂಟ್ರಲ್ ಬೇಕೇ ಬೇಕು.

ಕೆಟ್ಟ ಗಳಿಗೆಯ ಲೆಕ್ಕ

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಟಿಸಿಯ ನೇಮ್ ಪ್ಲೇಟಿನಲ್ಲಿ ಕೆವಿಎ, ವೋಲ್ಟೇಜಿನ ಜೊತೆಗೆ ಶೇಕಡಾ ಇಂಪೀಡೆನ್ಸ್ ಎಂಬ ಅಂಕಿ ಇರುತ್ತದೆ. 500 ಕೆವಿಎಗೆ ಅದು 4.5. ಇಡೀ ಪ್ಲೇಟಿನಲ್ಲಿ ಪ್ಯಾನೆಲ್ ಮಾಡುವವನಿಗೆ ಅತ್ಯಂತ ಬೆಲೆಯುಳ್ಳ ಅಂಕಿ ಇದು. ಓದುವವರು ಮಾತ್ರ ಕಡಿಮೆ.

ಅದರ ಅರ್ಥ ಇಷ್ಟು. ಕಾರ್ಖಾನೆಯಲ್ಲಿ ಟಿಸಿಯ ಎಲ್‌ಟಿ ಬದಿಯ ತುದಿಗಳನ್ನು ಒಂದಕ್ಕೊಂದು ಕೂಡಿಸಿ ಶಾರ್ಟ್ ಮಾಡುತ್ತಾರೆ. ಎಚ್‌ಟಿ ಬದಿಗೆ ಸೊನ್ನೆಯಿಂದ ಮೆಲ್ಲಗೆ ವೋಲ್ಟೇಜ್ ಏರಿಸುತ್ತಾರೆ. ಪೂರ್ಣ ಕರೆಂಟು ಹರಿಯುವ ಹೊತ್ತಿಗೆ ಏರಿಸಿದ ವೋಲ್ಟೇಜ್ 11,000ದ ನೂರಕ್ಕೆ ಎಷ್ಟು ಎಂಬುದೇ ಆ ಅಂಕಿ. 4.5 ಎಂದರೆ 495 ವೋಲ್ಟ್. ಕೇವಲ 495 ವೋಲ್ಟಿಗೆ 667 ಆಂಪಿಯರ್ ಹರಿಯುವುದಾದರೆ, ಗಿರಣಿಯಲ್ಲಿ ಪೂರಾ 11,000 ವೋಲ್ಟ್ ಇರುವಾಗ ಎಲ್‌ಟಿ ತುದಿಯಲ್ಲಿ ಶಾರ್ಟ್ ಆದರೆ? ಹೆಚ್ಚುಕಡಿಮೆ 22 ಪಟ್ಟು: 14,800 ಆಂಪಿಯರ್. ಇಂಪೀಡೆನ್ಸಿಗೆ ನೂರಕ್ಕೆ ಹತ್ತರಷ್ಟು ವ್ಯತ್ಯಾಸದ ಅವಕಾಶವಿದೆ. ಕಡಿಮೆ ಕಡೆಗೆ ವಾಲಿದರೆ 16,500. ಆ ಕ್ಷಣದಲ್ಲಿ ಓಡುತ್ತಿರುವ ಮೋಟಾರುಗಳು ಒಂದೆರಡು ಸೈಕಲ್‌ಗಳ ಮಟ್ಟಿಗೆ ತಾವೇ ಜನರೇಟರಿನಂತೆ ವರ್ತಿಸಿ ಇನ್ನೂ ಎರಡು ಮೂರು ಸಾವಿರ ಸೇರಿಸುತ್ತವೆ. 11 ಕೆವಿ ಲೈನಿನ ಸ್ವಂತ ಇಂಪೀಡೆನ್ಸ್ ಸ್ವಲ್ಪ ಕಳೆಯುತ್ತದೆ. ಲೈನ್ ಮುಂದೆ ಬಲಗೊಳ್ಳಬಹುದು, ಸಬ್‌ಸ್ಟೇಷನ್ ಹತ್ತಿರ ಬರಬಹುದು ಎಂದು ಅದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಎಲ್ಲ ಸೇರಿ 20 ಕಿಲೋ ಆಂಪಿಯರಿನ ಅಂಚು. ಹಾಗಾಗಿ ಈ ಗಿರಣಿಯ ಪ್ಯಾನೆಲ್ ಒಂದು ಸೆಕೆಂಡಿಗೆ 25 ಕಿಲೋ ಆಂಪಿಯರಿಗಿಂತ ಕಡಿಮೆ ತಾಳುವಂತಿರಬಾರದು. 35 ಇದ್ದರೆ ನೆಮ್ಮದಿ.

ಅಷ್ಟು ಕರೆಂಟು ಹರಿದರೆ ಆಗುವುದೇನು? ನಮ್ಮ 1,000 ಚದರ ಮಿಲಿಮೀಟರಿನ ಪಟ್ಟಿ ಬಿಸಿಯ ದೃಷ್ಟಿಯಿಂದ ಒಂದು ಸೆಕೆಂಡು ಸುಲಭವಾಗಿ ತಾಳುತ್ತದೆ. ಅಪಾಯ ಬೇರೆ ಕಡೆಯಿಂದ ಬರುತ್ತದೆ. ಪಕ್ಕಪಕ್ಕದ ಎರಡು ಪಟ್ಟಿಗಳಲ್ಲಿ ಕರೆಂಟು ಹರಿದಾಗ ಅವು ಒಂದನ್ನೊಂದು ದೂಡುತ್ತವೆ ಅಥವಾ ಸೆಳೆಯುತ್ತವೆ. 667 ಆಂಪಿಯರಿನಲ್ಲಿ ಈ ಬಲ ಗಮನಕ್ಕೇ ಬಾರದು. ಶಾರ್ಟ್ ಆದಾಗ ಮೊದಲ ಅರ್ಧ ಸೈಕಲಿನಲ್ಲಿ 14.8 ಕಿಲೋ ಆಂಪಿಯರಿನ ತುತ್ತತುದಿ 30 ಕಿಲೋ ಆಂಪಿಯರಿನ ತನಕ ಹೋಗುತ್ತದೆ. ಪಟ್ಟಿಗಳ ನಡುವೆ 10 ಸೆಂಟಿಮೀಟರ್ ಅಂತರವಿದ್ದರೆ, ನಡುವಿನ ಪಟ್ಟಿಯ ಪ್ರತಿ ಮೀಟರಿನ ಮೇಲೆ ಬೀಳುವ ಬಲ ಸುಮಾರು 160 ಕಿಲೋ ತೂಕಕ್ಕೆ ಸಮ. ಒಂದೂವರೆ ಕ್ವಿಂಟಲಿಗಿಂತ ಹೆಚ್ಚಿನ ಭಾರ ಆ ಪಟ್ಟಿಯನ್ನು ಅತ್ತ ಒಮ್ಮೆ ಇತ್ತ ಒಮ್ಮೆ ಹೊಡೆಯುತ್ತದೆ. ಅದನ್ನು ಹಿಡಿದು ನಿಲ್ಲಿಸಬೇಕಾದದ್ದು ಬಸ್‌ಬಾರ್ ಸಪೋರ್ಟುಗಳು. ಕಡಿಮೆ ಬೆಲೆಗೆ ಮಾಡಿದ ಪ್ಯಾನೆಲಿನಲ್ಲಿ ಸಪೋರ್ಟುಗಳ ಸಂಖ್ಯೆ ಕಡಿಮೆಯಾಗುತ್ತದೆ, ಅಂತರ ದೊಡ್ಡದಾಗುತ್ತದೆ. ಹೊರಗಿನಿಂದ ನೋಡಿದರೆ ಬಣ್ಣ, ಬಾಗಿಲು, ಮೀಟರ್ ಎಲ್ಲ ಒಂದೇ ಥರ.

ಗಿರಣಿ ಬೆಳೆದು 500 ಕೆವಿಎ ಟಿಸಿಯ ಜಾಗದಲ್ಲಿ 1000 ಕೆವಿಎ ಬಂದಿತು ಎನ್ನಿ. ಇಂಪೀಡೆನ್ಸ್ ಶೇಕಡಾ 5. ಶಾರ್ಟ್ ಕರೆಂಟು 26.7 ಕಿಲೋ ಆಂಪಿಯರ್. ಅದರ ತುದಿ 56. ಈ ಬಲ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಒಂದೂವರೆ ಕ್ವಿಂಟಲ್ ಇದ್ದದ್ದು ಐದೂವರೆ ಕ್ವಿಂಟಲ್ ಆಗುತ್ತದೆ. ಹೊಸ ಮೇನ್ ಬ್ರೇಕರ್ ಹಾಕಿ, ಹಳೆಯ ಬಸ್‌ಬಾರ್ ಪಕ್ಕಕ್ಕೆ ಇನ್ನೊಂದು ಪಟ್ಟಿ ಜೋಡಿಸಿ, ಹಳೆಯ ಫೀಡರುಗಳನ್ನು ಹಾಗೇ ಉಳಿಸಿಕೊಂಡರೆ ಆಂಪಿಯರಿನ ಲೆಕ್ಕ ಸರಿಹೋಗಬಹುದು. ಸಪೋರ್ಟುಗಳೂ ಫೀಡರುಗಳ ಹಳೆಯ ಎಂಸಿಸಿಬಿ ಬ್ರೇಕರುಗಳೂ ಮಾತ್ರ ಹಿಂದಿನ ಟಿಸಿಗೆ ಅಳೆದವು. ಎರಡು 500 ಕೆವಿಎ ಟಿಸಿಗಳನ್ನು ಬಸ್ ಕಪ್ಲರ್ ಮೂಲಕ ಒಟ್ಟಿಗೆ ಓಡಿಸಿದರೂ ಇದೇ ಕತೆ: ಎರಡರ ಶಾರ್ಟ್ ಕರೆಂಟೂ ಕೂಡಿಕೊಂಡು 30 ಕಿಲೋ ಆಂಪಿಯರಿನ ಹತ್ತಿರ ಹೋಗುತ್ತದೆ. ಟಿಸಿ ಬದಲಾದ ದಿನವೇ ಪ್ಯಾನೆಲಿನ ಲೆಕ್ಕವನ್ನು ಮೊದಲಿನಿಂದ ಹಾಕಬೇಕು. ಈ ಮಾತನ್ನು ಗಿರಣಿಯ ಮಾಲೀಕರು ದಯವಿಟ್ಟು ನೆನಪಿನಲ್ಲಿ ಇಟ್ಟುಕೊಳ್ಳಿ.

ಬ್ರೇಕರಿನ ಮೇಲೆ ಎರಡು ಅಂಕಿ ಇರುತ್ತವೆ: ಐಸಿಯು ಮತ್ತು ಐಸಿಎಸ್. ಐಸಿಯು ಎಂದರೆ ಬ್ರೇಕರ್ ಕಡಿಯಬಲ್ಲ ಗರಿಷ್ಠ ಶಾರ್ಟ್ ಕರೆಂಟು. ಅಷ್ಟನ್ನು ಕಡಿದ ಮೇಲೆ ಅದನ್ನು ಮತ್ತೆ ನಂಬುವಂತಿಲ್ಲ. ಐಸಿಎಸ್ ಎಂದರೆ ಕಡಿದ ಮೇಲೂ ಕೆಲಸಕ್ಕೆ ಬರುವ ಮಟ್ಟ. ಎರಡೂ ಸಮವಾಗಿರುವ ಬ್ರೇಕರ್ ಕೇಳಿ ತೆಗೆದುಕೊಳ್ಳಿ. ಮೇನ್ ಬಸ್‌ಬಾರಿನಿಂದ ನೇರವಾಗಿ 10 ಕಿಲೋ ಆಂಪಿಯರಿನ ಪುಟ್ಟ ಎಂಸಿಬಿಯನ್ನು ದೀಪಕ್ಕೆಂದು ಎಳೆದಿರುವುದನ್ನು ನೋಡಿರುತ್ತೀರಿ. ದೀಪದ ಲೋಡು ಐದೇ ಆಂಪಿಯರ್ ಇರಬಹುದು. ಅದರ ಮುಂದೆ ನಿಂತ ಶಾರ್ಟ್ ಕರೆಂಟು ಮಾತ್ರ ಟಿಸಿಯದೇ.

ದೂರ ಹೋದಂತೆ ಕೇಬಲಿನ ರೆಸಿಸ್ಟೆನ್ಸ್ ಈ ಹೊಡೆತವನ್ನು ಇಳಿಸುತ್ತದೆ. ಇದೇ ಪ್ಯಾನೆಲಿನಿಂದ 70 ಚದರ ಮಿಲಿಮೀಟರಿನ ಅಲ್ಯೂಮಿನಿಯಂ ಕೇಬಲ್ 50 ಮೀಟರ್ ಸಾಗಿದರೆ, ಆಚೆ ತುದಿಯಲ್ಲಿ ಶಾರ್ಟ್ ಕರೆಂಟು ಸುಮಾರು ಏಳೂವರೆ ಕಿಲೋ ಆಂಪಿಯರಿಗೆ, ಅಂದರೆ ಅರ್ಧಕ್ಕೆ ಇಳಿಯುತ್ತದೆ. ಸಬ್ ಪ್ಯಾನೆಲಿಗೆ ಕಡಿಮೆ ಸಾಮರ್ಥ್ಯದ ಬ್ರೇಕರ್ ಸಾಲಬಹುದು. ಮೇನ್ ಪ್ಯಾನೆಲಿನಲ್ಲಿ ಖರ್ಚು ಮಾಡಿ, ದೂರದ ಪ್ಯಾನೆಲಿನಲ್ಲಿ ಲೆಕ್ಕ ಹಾಕಿ ಉಳಿಸಿ ಎಂದೇ ನಾನು ಹೇಳುವುದು. ಉಳಿತಾಯ ಮಾಡಬೇಡಿ ಎಂದು ಹೇಳುವವನು ನಾನಲ್ಲ.

ಒಂದು ಫೀಡರಿನಲ್ಲಿ ಶಾರ್ಟ್ ಆದರೆ ಆ ಫೀಡರಿನ ಬ್ರೇಕರ್ ಮಾತ್ರ ಬೀಳಬೇಕು, ಮೇನ್ ಬೀಳಬಾರದು. ಮೇನ್ ಬಿದ್ದರೆ ಇಡೀ ಗಿರಣಿ ನಿಂತು, ಎಲಿವೇಟರುಗಳು ಧಾನ್ಯ ತುಂಬಿದಂತೆಯೇ ಚೋಕ್ ಆಗುತ್ತವೆ. ಅವನ್ನು ಬಿಡಿಸಲು ಕೈಹಾಕುವವರು ಹಮಾಲರು, ಆಪರೇಟರುಗಳು. ಬ್ರೇಕರುಗಳ ಸಮಯವನ್ನು ಕೆಳಗಿನಿಂದ ಮೇಲಕ್ಕೆ ಸ್ವಲ್ಪ ಸ್ವಲ್ಪ ತಡವಾಗುವಂತೆ ಹೊಂದಿಸುವುದು ಇದಕ್ಕಾಗಿ. ಮೇನ್ ಬ್ರೇಕರ್ ಹೀಗೆ ಕಾಯುವಷ್ಟು ಹೊತ್ತು ಬಸ್‌ಬಾರ್ ಆ ಹೊಡೆತವನ್ನು ತಾಳಬೇಕು. ಒಂದು ಸೆಕೆಂಡಿನ ಅಂಕಿಯನ್ನು ಕೇಳುವುದು ಅದಕ್ಕೇ.

ಬಿಸಿಲು, ತೌಡು, ಮತ್ತು ತೆರೆದ ಬಾಗಿಲು

ಏಪ್ರಿಲ್ ತಿಂಗಳಿನಲ್ಲಿ ಈ ಸೀಮೆಯ ಯಾವುದಾದರೂ ಗಿರಣಿಯ ಪ್ಯಾನೆಲ್ ಕೋಣೆಗೆ ಹೋಗಿ ನೋಡಿ. ತಗಡಿನ ಚಾವಣಿ, ಹೊರಗೆ 40 ಡಿಗ್ರಿ ಬಿಸಿಲು. ಪ್ಯಾನೆಲಿನ ಬಾಗಿಲು ಹಾರು ಹೊಡೆದಿದೆ. ಎದುರಿಗೆ ಕಬ್ಬಿಣದ ಸ್ಟೂಲಿನ ಮೇಲೊಂದು ಫ್ಯಾನ್ ಭರ್ರೋ ಎಂದು ಒಳಗೆ ಗಾಳಿ ಊದುತ್ತಿದೆ. ಗಾಳಿಯ ಜೊತೆ ತೌಡಿನ ಧೂಳೂ ಹೋಗುತ್ತಿದೆ. ಬಸ್‌ಬಾರಿನ ಸಪೋರ್ಟಿನ ಮೇಲೆ ಕೂತ ಆ ಧೂಳು ಮಂದ ಹಳದಿಯ ತೆಳು ಪದರವಾಗಿದೆ. ಬೆರಳಿಟ್ಟರೆ ಜಿಡ್ಡು ಹತ್ತುವಂಥದು, ಏಕೆಂದರೆ ತೌಡಿನಲ್ಲಿ ಎಣ್ಣೆ ಇದೆ. ಮಳೆಗಾಲದ ತೇವವನ್ನು ಅದು ಹೀರಿಕೊಳ್ಳುತ್ತದೆ. ವೈ ಫೇಸಿನ ಲಗ್ ಉಳಿದೆರಡಕ್ಕಿಂತ ಕಪ್ಪಗಾಗಿದೆ, ಅದರ ಹಳದಿ ಸ್ಲೀವ್ ಸುಟ್ಟ ಅಂಚಿನಿಂದ ಹಿಂದಕ್ಕೆ ಸರಿದಿದೆ.

ಈ ನೋಟಕ್ಕೆ ಎಲೆಕ್ಟ್ರಿಷಿಯನ್ನನ್ನು ಬೈಯುವುದು ತಪ್ಪು. ಬಾಗಿಲು ಮುಚ್ಚಿದರೆ ಬ್ರೇಕರ್ ಬೀಳುತ್ತದೆ, ಗಿರಣಿ ನಿಲ್ಲುತ್ತದೆ, ಅವನಿಗೆ ಬೇರೆ ದಾರಿಯಿಲ್ಲ. ಬಾಗಿಲು ತೆರೆದು ಫ್ಯಾನ್ ಇಡಬೇಕಾಗಿ ಬಂದ ಪ್ಯಾನೆಲ್ ಎಂದರೆ ಅಳತೆ ತಪ್ಪಿದ ಪ್ಯಾನೆಲ್. ಮಾನದಂಡ ಊಹಿಸುವ ಸುತ್ತಲಿನ ತಾಪಮಾನ ಗರಿಷ್ಠ 40 ಡಿಗ್ರಿ, ಇಪ್ಪತ್ತನಾಲ್ಕು ಗಂಟೆಗಳ ಸರಾಸರಿ 35. ನಮ್ಮ ಬೇಸಿಗೆ ಇದನ್ನು ಮೀರುತ್ತದೆ. ಥರ್ಮಲ್ ಮಾದರಿಯ ಬಹಳಷ್ಟು ಎಂಸಿಸಿಬಿಗಳನ್ನು 40 ಡಿಗ್ರಿಗೆ ಹೊಂದಿಸಿರುತ್ತಾರೆ, ಪ್ಯಾನೆಲಿನ ಒಳಗೆ ಅದಕ್ಕಿಂತ ಎಷ್ಟೋ ಹೆಚ್ಚಿರುತ್ತದೆ. ತಯಾರಕರ ಪಟ್ಟಿಯಲ್ಲಿ ಯಾವ ತಾಪಮಾನಕ್ಕೆ ಎಷ್ಟು ಕಳೆಯಬೇಕು ಎಂದು ಇರುತ್ತದೆ. ಅದನ್ನು ನೋಡಿ ಬ್ರೇಕರ್ ಆರಿಸಬೇಕು. ಪೆಟ್ಟಿಗೆಯನ್ನು ಧೂಳಿಗೆ ತಕ್ಕಂತೆ ಐಪಿ 54 ಮಾಡಿದರೆ ಬಿಸಿ ಒಳಗೇ ಉಳಿಯುತ್ತದೆ. ಆದ್ದರಿಂದ ಪೆಟ್ಟಿಗೆ ದೊಡ್ಡದಾಗಬೇಕು, ಬಸ್‌ಬಾರ್ ಒಂದು ಮೆಟ್ಟಿಲು ಮೇಲಿರಬೇಕು. ಗಿರಣಿಯ ಧೂಳು ಬಾರದ ಪ್ರತ್ಯೇಕ ಕೋಣೆ ಕಟ್ಟಿಸುವುದು ಎಲ್ಲಕ್ಕಿಂತ ಒಳ್ಳೆಯದು.

ಕಪ್ಪಗಾದ ಆ ಲಗ್ಗಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಒಳ್ಳೆಯ ಜೋಡಣೆಯ ರೆಸಿಸ್ಟೆನ್ಸ್ ತೀರಾ ಕಡಿಮೆ. ಬೋಲ್ಟ್ ಸಡಿಲಾಗಿ ಅಥವಾ ಅಲ್ಯೂಮಿನಿಯಂ ಲಗ್ಗನ್ನು ನೇರವಾಗಿ ತಾಮ್ರಕ್ಕೆ ಬಿಗಿದು ಅದು ತುಕ್ಕು ಹಿಡಿದಂತಾಗಿ ರೆಸಿಸ್ಟೆನ್ಸ್ ಒಂದು ಮಿಲಿ ಓಮ್‌ಗೆ ಏರಿದರೆ, 600 ಆಂಪಿಯರಿನಲ್ಲಿ ಆ ಒಂದೇ ಬಿಂದುವಿನಲ್ಲಿ 360 ವಾಟ್ ಉರಿಯುತ್ತದೆ. ಅಂಗೈಯಗಲದ ಜಾಗದಲ್ಲಿ ಇಸ್ತ್ರಿ ಪೆಟ್ಟಿಗೆಯೊಂದನ್ನು ಹಗಲಿರುಳು ಹಚ್ಚಿಟ್ಟ ಹಾಗೆ. ತಾಮ್ರ ಮತ್ತು ಅಲ್ಯೂಮಿನಿಯಂ ಕೂಡುವ ಕಡೆ ಬೈಮೆಟಲ್ ಲಗ್ ಬಳಸಿ. ಟಾರ್ಕ್ ಸ್ಪ್ಯಾನರಿನಿಂದ ಬಿಗಿದು ಬೋಲ್ಟಿನ ತಲೆಯಿಂದ ಪಟ್ಟಿಯವರೆಗೆ ಬಣ್ಣದ ಗೆರೆ ಎಳೆಯಿರಿ. ಗೆರೆ ಮುರಿದಿದ್ದರೆ ಬೋಲ್ಟ್ ಸರಿದಿದೆ ಎಂದು ನೋಡಿದೊಡನೆ ಗೊತ್ತಾಗುತ್ತದೆ.

ಅರ್ತಿಂಗ್ ಮತ್ತು ಜನರೇಟರ್

ಅರ್ತ್ ಗುಂಡಿಗೆ ಉಪ್ಪು, ಇದ್ದಿಲು ಹಾಕಿ ನೀರು ಹೊಯ್ದರೆ ಪ್ಯಾನೆಲ್ ಸುರಕ್ಷಿತ ಎಂಬ ನಂಬಿಕೆ ಬಲವಾಗಿದೆ. ಲೆಕ್ಕ ನೋಡಿ. ಗುಂಡಿಯ ರೆಸಿಸ್ಟೆನ್ಸ್ 5 ಓಮ್ ಎಂದರೆ 250 ವೋಲ್ಟಿಗೆ ಅದರ ಮೂಲಕ ಹರಿಯಬಲ್ಲದ್ದು 50 ಆಂಪಿಯರ್. 800 ಆಂಪಿಯರಿನ ಬ್ರೇಕರಿಗಿರಲಿ, 100 ಆಂಪಿಯರಿನ ಫೀಡರಿಗೂ ಇದು ಲೆಕ್ಕಕ್ಕಿಲ್ಲ. ಮೋಟಾರಿನ ಮೈಗೆ ಫೇಸ್ ತಾಗಿಯೇ ಇರುತ್ತದೆ, ಯಾವುದೂ ಬೀಳುವುದಿಲ್ಲ. ಸ್ವಂತ ಟಿಸಿ ಇರುವ ಕಡೆ ಬ್ರೇಕರನ್ನು ಬೀಳಿಸುವುದು ಮೋಟಾರಿನ ಮೈಯಿಂದ ಪ್ಯಾನೆಲಿಗೆ, ಪ್ಯಾನೆಲಿನಿಂದ ಟಿಸಿಯ ನ್ಯೂಟ್ರಲ್ ಬಿಂದುವಿಗೆ ಲೋಹದಿಂದಲೇ ಮುಗಿಯುವ ದಾರಿ. ನ್ಯೂಟ್ರಲನ್ನು ಎರಡು ಪ್ರತ್ಯೇಕ ಜೋಡಣೆಗಳಿಂದ ಭೂಮಿಗೆ ಕೂಡಿಸಬೇಕು ಎಂದು ಕೇಂದ್ರ ವಿದ್ಯುತ್ ಪ್ರಾಧಿಕಾರದ ನಿಯಮ ಹೇಳುತ್ತದೆ. ಅದರ ಜೊತೆಗೆ ಅರ್ತ್ ಫಾಲ್ಟ್ ರಿಲೇಯನ್ನೂ ಹಾಕಿದರೆ ಸಣ್ಣ ಸೋರಿಕೆಯೂ ಕಣ್ಣು ತಪ್ಪಿಸಲಾರದು.

ಪ್ಯಾನೆಲಿಗೆ ಇನ್ನೊಂದು ಬದಿಯಿಂದ ಡೀಸೆಲ್ ಜನರೇಟರ್ ಬರುತ್ತದೆ. ಇಲ್ಲಿ ನಾನು ಅಳತೆಗಿಂತ ದೊಡ್ಡ ವಿಷಯ ಹೇಳಬೇಕು. ಟಿಸಿ ಎರಡೂ ಕಡೆಗೆ ಕೆಲಸ ಮಾಡುತ್ತದೆ. 11,000ವನ್ನು 433ಕ್ಕೆ ಇಳಿಸುವ ಯಂತ್ರಕ್ಕೆ ಎಲ್‌ಟಿ ಬದಿಯಿಂದ 433 ಕೊಟ್ಟರೆ ಎಚ್‌ಟಿ ಬದಿಯಲ್ಲಿ 11,000 ಎದ್ದು ನಿಲ್ಲುತ್ತದೆ. ಟಿಸಿಯನ್ನು 11 ಕೆವಿ ಲೈನಿನಿಂದ ಬೇರ್ಪಡಿಸುವ ಜಿಒಎಸ್ ಸ್ವಿಚ್ ತೆರೆಯದೆ, ಇಂಟರ್‌ಲಾಕ್ ಇಲ್ಲದೆ ಜನರೇಟರ್ ಚಾಲೂ ಮಾಡಿದರೆ, ಲೈನ್ ಕ್ಲಿಯರ್ ತೆಗೆದುಕೊಂಡು ಕಂಬದ ಮೇಲೆ ಕೆಲಸ ಮಾಡುತ್ತಿರುವ ಲೈನ್‌ಮನ್ನನ ಕೈಗೆ ನಮ್ಮ ಗಿರಣಿಯ ಕರೆಂಟು ತಾಗುತ್ತದೆ. ಅವನಿಗೆ ನಮ್ಮ ಗಿರಣಿಯ ಹೆಸರೂ ಗೊತ್ತಿರುವುದಿಲ್ಲ. ಮೇನ್ ಮತ್ತು ಜನರೇಟರ್ ಬ್ರೇಕರುಗಳ ನಡುವೆ ಯಾಂತ್ರಿಕ ಮತ್ತು ವಿದ್ಯುತ್ ಇಂಟರ್‌ಲಾಕ್ ಎರಡೂ ಇರಬೇಕು. ನಾಲ್ಕು ಪೋಲಿನ ಬ್ರೇಕರ್ ಬಳಸಿ ನ್ಯೂಟ್ರಲನ್ನೂ ಬೇರ್ಪಡಿಸಬೇಕು. ಚಾವಣಿಯ ಮೇಲೆ ಸೌರಫಲಕ ಹಾಕಿಸಿದವರು ಇನ್ನೊಂದು ಲೆಕ್ಕ ಸೇರಿಸಿಕೊಳ್ಳಿ: ಟಿಸಿಯಿಂದಲೂ ಸೌರಫಲಕದಿಂದಲೂ ಒಟ್ಟಿಗೆ ಕರೆಂಟು ಬಂದಾಗ, ಬಸ್‌ಬಾರಿನ ಯಾವ ಭಾಗದಲ್ಲಿ ಎಷ್ಟು ಕೂಡುತ್ತದೆ ಎಂದು ನೋಡಬೇಕು.

ನಿಲ್ಲುವ ಜಾಗ

ಪ್ಯಾನೆಲಿನ ಅಳತೆ ಅದರ ಪೆಟ್ಟಿಗೆಗೇ ಮುಗಿಯುವುದಿಲ್ಲ. ಮುಂದೆ ಕನಿಷ್ಠ ಒಂದು ಮೀಟರ್ ಜಾಗ ಬಿಡಬೇಕು ಎಂದು ನಿಯಮವಿದೆ. ಹಿಂದೆ ತೆರೆದ ಜೋಡಣೆಗಳಿದ್ದರೆ ಗೋಡೆಗೂ ಪ್ಯಾನೆಲಿಗೂ ನಡುವಿನ ಅಂತರ 20 ಸೆಂಟಿಮೀಟರಿಗಿಂತ ಕಡಿಮೆ ಇರಬೇಕು, ಇಲ್ಲವೇ 75 ಸೆಂಟಿಮೀಟರಿಗಿಂತ ಹೆಚ್ಚು ಇರಬೇಕು. ನಡುವಿನ ಯಾವ ಅಳತೆಯೂ ಕೂಡದು. ಈ ನಿಯಮವನ್ನು ಮೊದಲ ಸಲ ಓದಿದವರಿಗೆ ವಿಚಿತ್ರ ಎನಿಸುತ್ತದೆ. ಅದರ ಹಿಂದೆ ಮನುಷ್ಯನ ಮೈಯ ಲೆಕ್ಕವಿದೆ. 20ಕ್ಕಿಂತ ಕಡಿಮೆ ಇದ್ದರೆ ಯಾರೂ ಒಳಗೆ ನುಗ್ಗಲಾರರು. 75ಕ್ಕಿಂತ ಹೆಚ್ಚಿದ್ದರೆ ಒಬ್ಬ ನೆಟ್ಟಗೆ ನಿಂತು ಕೆಲಸ ಮಾಡಬಲ್ಲ, ಬೇಗ ಹೊರಗೂ ಬರಬಲ್ಲ. ನಡುವಿನ ಅಂತರದಲ್ಲಿ ಮನುಷ್ಯ ಹೇಗೋ ತೂರಿಕೊಂಡು ಹೋಗುತ್ತಾನೆ, ಆಪತ್ತು ಬಂದಾಗ ತಿರುಗಲು ಆಗುವುದಿಲ್ಲ. ಆ ಜಾಗದಲ್ಲಿ ಖಾಲಿ ಗೋಣಿಚೀಲ, ಹಳೆಯ ಬೆಲ್ಟು ಒಟ್ಟುವುದು ಅವನ ದಾರಿಯನ್ನು ಮುಚ್ಚಿದ ಹಾಗೆ.

ಈ ವಿಷಯವನ್ನು ಇಷ್ಟು ಹೊತ್ತು ಹೇಳಿದ್ದಕ್ಕೆ ಕಾರಣ ಇಲ್ಲಿದೆ. ಪ್ಯಾನೆಲ್ ಕೊಳ್ಳುವವನು ಮಾಲೀಕ, ಮಾಡುವವನು ತಯಾರಕ, ಒಪ್ಪಿಗೆ ಕೊಡುವವರು ವಿದ್ಯುತ್ ಪರಿವೀಕ್ಷಕರು. ಅದರ ಎದುರು ದಿನವೂ ನಿಲ್ಲುವವನು ಈ ಮೂವರಲ್ಲಿ ಯಾರೂ ಅಲ್ಲ. ಬಿದ್ದ ಬ್ರೇಕರನ್ನು ಮತ್ತೆ ಎತ್ತಲು ಕೈ ಚಾಚುವವನು ತಿಂಗಳ ಸಂಬಳದ ಎಲೆಕ್ಟ್ರಿಷಿಯನ್, ಅನೇಕ ಕಡೆ ಐಟಿಐ ಮುಗಿಸಿ ಬಂದ ಹುಡುಗ. ಶಾರ್ಟ್ ಇನ್ನೂ ಹಾಗೇ ಇರುವಾಗ ಅವನು ಬ್ರೇಕರ್ ಎತ್ತಿದರೆ, 15 ಸಾವಿರ ಆಂಪಿಯರಿಗೂ ಅವನ ಮುಖಕ್ಕೂ ನಡುವೆ ಇರುವುದು ನಾವು ಆರಿಸಿದ ಆ ಅಂಕಿ ಮತ್ತು ಮುಚ್ಚಿದ ಆ ಬಾಗಿಲು.

ಹಾಗಾಗಿ ಒಂದು ಕೋರಿಕೆ. ಮುಂದಿನ ಸಲ ಪ್ಯಾನೆಲಿಗೆ ಕೊಟೇಶನ್ ಕೇಳುವಾಗ ಆಂಪಿಯರಿನ ಕೆಳಗೆ ಇನ್ನೂ ಮೂರು ಸಾಲು ಬರೆಯಿರಿ. ಟಿಸಿಯ ಕೆವಿಎ ಮತ್ತು ಶೇಕಡಾ ಇಂಪೀಡೆನ್ಸ್ ಎಷ್ಟು, ಅದಕ್ಕೆ ತಕ್ಕ ಒಂದು ಸೆಕೆಂಡಿನ ಕಿಲೋ ಆಂಪಿಯರ್ ಎಷ್ಟು ಬೇಕು, ಪ್ಯಾನೆಲ್ ಕೋಣೆಯ ಬೇಸಿಗೆಯ ತಾಪಮಾನ ಎಷ್ಟು. ಅವುಗಳಿಗೆ ಪರೀಕ್ಷೆಯ ಪ್ರಮಾಣಪತ್ರದೊಂದಿಗೆ ಉತ್ತರ ಕೇಳಿ. ಗುತ್ತಿಗೆದಾರ ಮಿತ್ರರೆ, ಗಿರಾಕಿ ಕೇಳದಿದ್ದರೂ ಈ ಅಂಕಿಗಳನ್ನು ನೀವೇ ಬರೆದು ಕೊಡಿ. ಬರೆಯದ ಪ್ಯಾನೆಲಿನ ಬೆಲೆ ಏಕೆ ಕಡಿಮೆ ಎಂದು ಗಿರಾಕಿಗೆ ತಾನಾಗಿಯೇ ತಿಳಿಯುತ್ತದೆ. ವಿದ್ಯಾರ್ಥಿಗಳೆ, ನೀವು ಕೆಲಸಕ್ಕೆ ಸೇರಿದ ಮೊದಲ ದಿನ ಟಿಸಿಯ ನೇಮ್ ಪ್ಲೇಟ್ ಓದಿ, ಕೆವಿಎಗೆ ನಾಲ್ಕು ಗುಣಿಸಿ ಮೂರರಿಂದ ಭಾಗಿಸಿ, ಬಂದದ್ದನ್ನು ಇಂಪೀಡೆನ್ಸಿನಿಂದ ಭಾಗಿಸಿ ನೂರರಿಂದ ಗುಣಿಸಿ. ಬಂದ ಅಂಕಿಯನ್ನು ಮೇನ್ ಬ್ರೇಕರಿನ ಮೇಲಿನ ಅಂಕಿಯ ಜೊತೆ ಹೋಲಿಸಿ. ಬ್ರೇಕರಿನದು ಕಡಿಮೆ ಇದ್ದರೆ ಮಾಲೀಕರಿಗೆ ಬರವಣಿಗೆಯಲ್ಲಿ ತಿಳಿಸಿ. ಹಾಗೆ ತಿಳಿಸುವ ಹುಡುಗನ ಮಾತನ್ನು ಮಾಲೀಕರು ಗೌರವದಿಂದ ಕೇಳಬೇಕು ಎಂದು ಈ ವೇದಿಕೆಯಿಂದ ಬೇಡಿಕೊಳ್ಳುತ್ತೇನೆ.